ಗುಡಿಯಿದ್ದೂ ಅಳಿದ ಸಭೆ

ಕಟ್ಟಡ ಬಿದ್ದರಷ್ಟೇ ಇಗರ್ಜಿ ಅಳಿಯಿತು ಎನ್ನುತ್ತೇವೆ. ಆದರೆ ಗೋಡೆಗಳು ನಿಂತಿರುವಾಗಲೇ ಒಂದು ಸಭೆ ಹೆಸರು ಕಳೆದುಕೊಳ್ಳಬಹುದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಶನ್ ಇದಕ್ಕೆ ಸಾಕ್ಷಿ. 1834ರಲ್ಲಿ ಅದರ ಪಾದ್ರಿಗಳು ಮಂಗಳೂರಿಗೆ ಬಂದರು. ಮತಾಂತರವಾದವರು ಜಾತಿಯೊಂದಿಗೆ ಕಸುಬನ್ನೂ ಕಳೆದುಕೊಂಡಾಗ ಅವರ ಹೊಟ್ಟೆಪಾಡಿಗೆ ನೇಯ್ಗೆ, ಅಚ್ಚುಕೂಟ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಹುಟ್ಟಿದವು. ಮೊದಲ ಮಹಾಯುದ್ಧದಲ್ಲಿ ಜರ್ಮನರು ಶತ್ರುಗಳೆನಿಸಿದರು. ಅವರೇ ಹೆಚ್ಚಾಗಿದ್ದ ಮಿಶನ್ನಿನ ಪಾದ್ರಿಗಳು ನಿರ್ಗಮಿಸಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆ ಪಾದ್ರಿಗಳು ಕಟ್ಟಿದ ಸಭೆಗಳು ಇಂದು ದಕ್ಷಿಣ ಭಾರತ ಸಭೆಯೊಳಗಿವೆ.

ಹಂಚು ವ್ಯಾಪಾರವಲ್ಲವೇ, ಅದು ಧರ್ಮದ ಚರಿತ್ರೆ ಹೇಗಾದೀತು ಎಂದು ಕೇಳಬಹುದು. ಅನ್ನದ ಪ್ರಶ್ನೆಯೇ ಆ ಸಭೆಗೆ ಆಕಾರ ಕೊಟ್ಟಿತು, ಹಾಗಾಗಿ ಎರಡನ್ನೂ ಬೇರ್ಪಡಿಸಲಾಗದು. ಮಿಶನ್ನಿನ ಗುರಿ ಮತಪ್ರಚಾರವೇ ಆಗಿತ್ತು ಎಂಬ ಇನ್ನೊಂದು ಆಕ್ಷೇಪ ಪೂರ್ತಿ ನಿಜ, ಮುಚ್ಚಿಡಬೇಕಾದ್ದಲ್ಲ. ಆದರೆ ಉದ್ದೇಶ ಒಂದು, ಫಲ ಇನ್ನೊಂದು. ಮಿಶನ್ನಿನವರು ಹೊರತಂದ 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯಾಗಲಿ, 1894ರ ಕಿಟ್ಟೆಲ್ ಕನ್ನಡ ನಿಘಂಟಾಗಲಿ ಕ್ರೈಸ್ತರಿಗಷ್ಟೇ ಉಳಿಯಲಿಲ್ಲ. ಹಂಚಂತೂ ಪಂಥ ಕೇಳುವ ವಸ್ತುವೇ ಅಲ್ಲ. ದಕ್ಷಿಣ ಕನ್ನಡದ ಅಜ್ಜಾವರದ ಕಡೆಯ ಜಡಿಮಳೆಗೆ ಮುಳಿಹುಲ್ಲಿನ ಮಾಡನ್ನು ಮತ್ತೆಮತ್ತೆ ಹೊದೆಸಬೇಕಿತ್ತು. ಮಂಗಳೂರು ಹಂಚು ಬಂದ ಮನೆಗಳಲ್ಲಿ ಆ ಕೆಲಸ ತಪ್ಪಿತು.