ಯಂತ್ರ ಕೊರೆಯುತ್ತೆ, ರಾಡು ಹೊರೋರು ಯಾರು?

(ವಿದ್ಯಾರ್ಥಿ ನಿಲಯದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಗೆಳೆಯರೆ,

ಇವತ್ತು ನಾವು ಒಂದು ಕಬ್ಬಿಣದ ಪೈಪಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. ಇಂಥ ಸಭೆಗಳಲ್ಲಿ ಭೂಮಿ, ಮೀಸಲಾತಿ, ಹಾಸ್ಟೆಲಿನ ಊಟ ಇವುಗಳ ಬಗ್ಗೆ ಮಾತಾಡೋದು ವಾಡಿಕೆ. ಪೈಪಿನಲ್ಲಿ ಏನಿದೆ ಅಂತ ನಿಮಗೆ ಅನ್ನಿಸಬಹುದು. ಆದರೆ ನಮ್ಮ ಕೇರಿಗೆ ನೀರು ಬಂದಿರೋದು ಈ ಪೈಪಿನಿಂದ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದಲ್ಲಿ ಕೆರೆಯ ನೀರು ಮುಟ್ಟಿದರು. ಊರ ಬಾವಿ ನಮಗೆ ಮುಚ್ಚಿದ್ದ ಕಾಲದಲ್ಲಿ ಕೇರಿಯೊಳಗೇ ಒಂದು ಬೋರು ಬಿದ್ದರೆ ಅದು ಸಣ್ಣ ಮಾತಲ್ಲ. ಆಮೇಲೆ ಗಂಗಾ ಕಲ್ಯಾಣ ಯೋಜನೆಯಲ್ಲಿ ನಮ್ಮ ಸಣ್ಣ ರೈತರ ಹೊಲಕ್ಕೂ ಬೋರ್ ಲಾರಿ ಬಂತು. ಲಾರಿ ಬಂದ ದಿನ ತೆಂಗಿನಕಾಯಿ ಒಡೆದು, ಊದುಬತ್ತಿ ಹಚ್ಚಿ ಸಂತೋಷಪಟ್ಟೆವು. ಆ ಲಾರಿಯ ಮೇಲೆ ಮೈಯೆಲ್ಲಾ ಬೂದಿಯಾಗಿ ನಿಂತಿದ್ದ ಹುಡುಗರು ಯಾರು, ಅವರು ಏನು ಎತ್ತುತ್ತಿದ್ದರು ಅಂತ ನಾವು ಕೇಳಲಿಲ್ಲ. ಅದನ್ನೇ ಇವತ್ತು ಕೇಳೋಣ.

ಮೊದಲು ಕೆಲಸ ಹೇಗೆ ನಡೆಯುತ್ತೆ ಅಂತ ತಿಳಿಯೋಣ. ನಾವು ಹೇಳುತ್ತಿರೋದು ಮೋಟಾರಿಗೆ ಕಟ್ಟಿ ಇಳಿಸುವ ಪೈಪಲ್ಲ, ಮಣ್ಣು ಕುಸಿಯದಂತೆ ಬಿಡುವ ಕೇಸಿಂಗ್ ಪೈಪೂ ಅಲ್ಲ. ಕೊರೆಯುವಾಗ ಒಳಗೆ ಹೋಗಿ, ಕೊರೆದ ಮೇಲೆ ಹೊರಗೆ ಬರುವ ಪೈಪು. ಲಾರಿಯವರು ಅದಕ್ಕೆ ರಾಡು ಅಂತಾರೆ. ಅದರ ತುದಿಯಲ್ಲಿ ಹ್ಯಾಮರ್, ಹ್ಯಾಮರಿನ ಬಾಯಲ್ಲಿ ಗಟ್ಟಿ ಗುಂಡಿಗಳಿರುವ ಬಿಟ್. ಕಂಪ್ರೆಸರಿನ ಗಾಳಿ ರಾಡಿನ ಹೊಟ್ಟೆಯೊಳಗಿಂದ ಇಳಿದು ಹ್ಯಾಮರನ್ನು ಕುಟ್ಟಿಸುತ್ತೆ. ಬಂಡೆ ಪುಡಿಯಾಗುತ್ತೆ. ಅದೇ ಗಾಳಿ ಪುಡಿಯನ್ನು ಮೇಲಕ್ಕೆ ಊದುತ್ತೆ. ಗಟ್ಟಿ ಬಂಡೆಯ ಊರುಗಳಿಗೆ ಇಂಥ ಗಾಳಿ ರಿಗ್ಗುಗಳನ್ನು 1960ರ ದಶಕದ ಕೊನೆಯ ಬರಗಾಲದಲ್ಲಿ ಯುನಿಸೆಫ್ ಸಂಸ್ಥೆ ಭಾರತಕ್ಕೆ ತರಿಸಿತು. ಕೈಯಲ್ಲಿ ತಿಂಗಳುಗಟ್ಟಲೆ ಒಡೆಯುತ್ತಿದ್ದ ಕಲ್ಲನ್ನು ಯಂತ್ರ ಒಂದೆರಡು ದಿನದಲ್ಲಿ ಕೊರೆಯಿತು.

ಒಂದು ರಾಡು 20 ಅಡಿ ಉದ್ದ. ಅದು ಪೂರ್ತಿ ಇಳಿದ ಮೇಲೆ ಯಂತ್ರ ನಿಲ್ಲಿಸಿ, ಅದರ ತಲೆಗೆ ಇನ್ನೊಂದು ರಾಡು ತಿರುಗಿಸಿ ಕೂಡಿಸಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರುಗಳು 1000 ಅಡಿ ದಾಟಿವೆ. ಲೆಕ್ಕ ಹಾಕಿ. 1000 ಅಡಿಗೆ 50 ರಾಡು. ಇಳಿಸೋದು 50 ಸಲ, ತೆಗೆಯೋದು 50 ಸಲ, ಒಟ್ಟು 100 ಸಲ. ದಪ್ಪ ನೋಡಿಕೊಂಡು ರಾಡಿನ ತೂಕ 70 ಕೆಜಿಯೂ ಇರುತ್ತೆ, 100 ಕೆಜಿ ಮೇಲೂ ಹೋಗುತ್ತೆ. 80 ಅಂತ ಹಿಡಿದರೆ ಒಂದು ಬೋರಿಗೆ 8 ಟನ್ ಕಬ್ಬಿಣ ಕೈ ಬದಲಾಯಿತು. ನೀರು ಬರಲಿ ಬಿಡಲಿ, ಆ 8 ಟನ್ ಎತ್ತಲೇಬೇಕು.

1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ಶಿಫಾರಸು ಮಾಡಿತು. ವಯಸ್ಸಿಗೆ ಬಂದ ಗಂಡಸೊಬ್ಬ ಹೊರುವ ಭಾರ 55 ಕೆಜಿ ದಾಟಬಾರದು ಅಂತ. ಇಬ್ಬರು ಹಿಡಿದರೆ ತಲಾ 40 ತಾನೇ, ಲೆಕ್ಕ ಸರಿಯಾಯ್ತಲ್ಲ ಅಂತ ರಿಗ್ಗಿನ ಯಜಮಾನ ಹೇಳಬಹುದು. ಕಾಗದದ ಮೇಲೆ ಸರಿ. ಆದರೆ ನಿಂತಿರೋದು ಕೆಸರಿನಲ್ಲಿ, ಎಣ್ಣೆ ಅಂಟಿದ ಹಲಗೆಯ ಮೇಲೆ. ಒಬ್ಬನ ಕಾಲು ಜಾರಿದರೆ ಆ ಕ್ಷಣ 80 ಕೆಜಿಯೂ ಇನ್ನೊಬ್ಬನ ಮೇಲೆ.

ಅಪಾಯ ನಾಲ್ಕು ಕಡೆ ಇದೆ. ಒಂದು, ಲಾರಿಯ ಮೇಲೆ. ದುಂಡಗಿನ ಪೈಪಿಗೆ ಕೂರುವ ಗುಣ ಇಲ್ಲ. ಹೊಲದ ಇಳಿಜಾರಿನಲ್ಲಿ ಲಾರಿ ಓರೆಯಾದರೆ ಒಂದು ರಾಡು ತೆಗೆದ ಕೂಡಲೇ ಪಕ್ಕದ್ದು ಉರುಳುತ್ತೆ. ರಸ್ತೆಯಲ್ಲಿ ಬ್ರೇಕು ಹಾಕಿದರೆ ಕಟ್ಟದ ರಾಡುಗಳು ಮುಂದಕ್ಕೆ ನುಗ್ಗುತ್ತವೆ. ಎರಡು, ಮೇಲಕ್ಕೆ ಎತ್ತುವಾಗ. ವಿಂಚಿನ ತಂತಿ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿ ರಾಡನ್ನು ನೆಟ್ಟಗೆ ಎಳೆಯುತ್ತಾರೆ, ಕೆಳತುದಿಯನ್ನು ಒಬ್ಬ ಹುಡುಗ ಅಪ್ಪಿ ಹಿಡಿದು ದಾರಿ ತೋರಿಸುತ್ತಾನೆ. ಹಗ್ಗದ ಎಳೆ ಕಿತ್ತಿದ್ದರೆ, ಕೊಕ್ಕೆಗೆ ನಾಲಿಗೆ ಇಲ್ಲದಿದ್ದರೆ ರಾಡು ಬೀಳೋದು ಅವನ ಮೇಲೆ. ಮೂರು, ಕೂಡುವ ಜಾಗದಲ್ಲಿ. ಮರೆ ಹಿಡಿಸುವಾಗ ಬೆರಳು ಎರಡು ಕಬ್ಬಿಣದ ನಡುವೆ ಇರುತ್ತೆ. ತಿರುಗುವ ರಾಡಿಗೆ ಲುಂಗಿಯ ಅಂಚು, ಹೆಗಲ ಟವಲು ಸಿಕ್ಕರೆ ಅದು ಬಿಡೋದಿಲ್ಲ, ಸುತ್ತಿಕೊಳ್ಳುತ್ತೆ. ನಾಲ್ಕು, ಬಿಚ್ಚುವಾಗ. ಬಿಗಿದ ಮರೆಗೆ ದೊಡ್ಡ ಸ್ಪ್ಯಾನರು ಹಾಕಿ ಒಬ್ಬ ಹಿಡಿದಿರುವಾಗಲೇ ಆಪರೇಟರು ತಿರುಗಿಸಿಬಿಟ್ಟರೆ ಆ ಸ್ಪ್ಯಾನರು ಎದೆಗೆ, ಮುಖಕ್ಕೆ ಬರುತ್ತೆ.

ಇದರ ಜೊತೆಗೆ ಕಂಪ್ರೆಸರಿನ ಸದ್ದು. ಪಕ್ಕದವನ ಕೂಗು ಕೇಳಿಸೋದಿಲ್ಲ. ದಕ್ಷಿಣದ ರಿಗ್ಗು ವ್ಯವಹಾರದ ದೊಡ್ಡ ನೆಲೆ ತಮಿಳುನಾಡಿನ ತಿರುಚೆಂಗೋಡು. ಹಾಗಾಗಿ ಆಪರೇಟರು ತಮಿಳು ಆಡುವವನಿರಬಹುದು. ರಾಡು ಹಿಡಿಯುವ ಹುಡುಗರು ಛತ್ತೀಸಗಡ, ಒಡಿಶಾ, ಜಾರ್ಖಂಡ್, ಬಿಹಾರದಿಂದ ಬಂದವರು. ಅವರಲ್ಲಿ ಆದಿವಾಸಿ ಹಾಡಿಗಳಿಂದ ಬಂದವರಿದ್ದಾರೆ, ನಮ್ಮಂಥ ಕೇರಿಗಳಿಂದ ಬಂದವರಿದ್ದಾರೆ. ಏಜೆಂಟ ಕನ್ನಡದವನು. ನಿಲ್ಲಿಸು ಅನ್ನೋ ಒಂದು ಮಾತು ಮೂರು ಭಾಷೆ ದಾಟಿ ಹೋಗೋ ಹೊತ್ತಿಗೆ ಬೆರಳು ಹೋಗಿರುತ್ತೆ.

ಹಾಗಾದರೆ ಇದಕ್ಕೆ ದಾರಿ ಇಲ್ಲವೇ? ಇದೆ ಗೆಳೆಯರೆ, ಬಹಳ ವರ್ಷದಿಂದ ಇದೆ. ಐಟಿಐ, ಡಿಪ್ಲೊಮಾ ಓದುತ್ತಿರೋರು ಇದನ್ನು ಗಮನವಿಟ್ಟು ಕೇಳಿ.

ಮಾಸ್ಟಿನ ಪಕ್ಕದಲ್ಲೇ ರಾಡುಗಳನ್ನು ನೆಟ್ಟಗೆ ನಿಲ್ಲಿಸಿಕೊಂಡು ತಿರುಗುವ ಒಂದು ಚೌಕಟ್ಟು ಇರುತ್ತೆ, ಗಿರಿಗಟ್ಟಲೆಯ ಹಾಗೆ. ಅದು ತಿರುಗಿ ಒಂದು ರಾಡನ್ನು ಸರಿಯಾಗಿ ಯಂತ್ರದ ತಲೆಯ ಕೆಳಗೆ ತಂದು ನಿಲ್ಲಿಸುತ್ತೆ. ತಲೆ ಇಳಿದು ಮರೆ ಹಿಡಿಯುತ್ತೆ, ಚೌಕಟ್ಟು ಹಿಂದಕ್ಕೆ ಸರಿಯುತ್ತೆ. ಇನ್ನೊಂದು ಬಗೆಯಲ್ಲಿ ರಾಡುಗಳು ಅಡ್ಡ ಪೆಟ್ಟಿಗೆಯಲ್ಲಿ ಮಲಗಿರುತ್ತವೆ. ಎರಡು ದವಡೆಯ ಒಂದು ತೋಳು ಬಂದು ರಾಡನ್ನು ಕಚ್ಚಿ, ಎತ್ತಿ, ಮಾಸ್ಟಿನ ನೇರಕ್ಕೆ ತರುತ್ತೆ. ಆಪರೇಟರು ದೂರದಲ್ಲಿ ನಿಂತು ಹಿಡಿಕೆ ಆಡಿಸುತ್ತಾನೆ. ರಾಡಿನ ಹತ್ತಿರ ಮನುಷ್ಯರೇ ಇರೋದಿಲ್ಲ.

ದವಡೆ ಬಿಟ್ಟುಬಿಟ್ಟರೆ? ಈ ಪ್ರಶ್ನೆಗೂ ಉತ್ತರ ಇದೆ. ದವಡೆಯನ್ನು ಎಣ್ಣೆಯ ಒತ್ತಡದಿಂದ ಮಾತ್ರ ಬಿಗಿದರೆ ಹೋಸು ಒಡೆದ ಕ್ಷಣ ರಾಡು ಬೀಳುತ್ತೆ. ಅದಕ್ಕೇ ಬಿಗಿಯೋ ಕೆಲಸ ಸ್ಪ್ರಿಂಗಿಗೆ ಕೊಟ್ಟು, ಬಿಡಿಸೋ ಕೆಲಸ ಎಣ್ಣೆಗೆ ಕೊಡುತ್ತಾರೆ. ಆಗ ಎಣ್ಣೆ ಹೋದರೂ ದವಡೆ ಬಿಗಿಯಾಗೇ ಇರುತ್ತೆ, ಸಡಿಲ ಆಗೋದಿಲ್ಲ. ಇಲ್ಲವೇ ಸಿಲಿಂಡರಿನ ಬಾಯಲ್ಲೇ ಎಣ್ಣೆ ವಾಪಸು ಹೋಗದಂತೆ ತಡೆಯುವ ವಾಲ್ವು ಇಡುತ್ತಾರೆ. ಕೆಳಗಿನ ಕ್ಲಾಂಪು ರಾಡನ್ನು ಹಿಡಿದಿದೆ ಅಂತ ಖಾತ್ರಿಯಾಗದೆ ಮೇಲಿನ ತಲೆ ಬಿಚ್ಚಿಕೊಳ್ಳದಂತೆ ಎರಡಕ್ಕೂ ಕೊಂಡಿ ಹಾಕಿರುತ್ತಾರೆ. ಯುರೋಪಿನಲ್ಲಿ 2014ರಲ್ಲಿ ಇಎನ್ 16228 ಅನ್ನೋ ಮಾನದಂಡ ಬಂತು. ತಿರುಗುವ ರಾಡಿನ ಹತ್ತಿರ ಜನ ಹೋಗದಂತೆ ಕಂಬಿ ಬಾಗಿಲಿನಂಥ ತಡೆ, ಬಾಗಿಲು ತೆರೆದರೆ ಯಂತ್ರ ಅಪಾಯ ಮಾಡದಂತೆ ಏರ್ಪಾಟು, ಇವೆಲ್ಲ ಅದರಲ್ಲಿವೆ.

ಇದೆಲ್ಲ ಕೋಟಿಗಟ್ಟಲೆ ಕೆಲಸ ಅಂತ ಕೆಲವರು ಹೇಳ್ತಾರೆ. ತೋಳು ದುಬಾರಿ, ಒಪ್ಪೋಣ. ಆದರೆ ರಾಡು ಉರುಳದಂತೆ ಲಾರಿಯಲ್ಲಿ ಗೂಟದ ಚೌಕಟ್ಟು, ತುದಿಗೆ ತಡೆ, ಬಿಗಿಯಾದ ಸರಪಳಿ, ಕೊಕ್ಕೆಗೆ ನಾಲಿಗೆ, ರಾಡಿನ ಮರೆಗೇ ತಿರುಗಿಸಿ ಕೂರಿಸುವ ಎತ್ತುವ ಬಿರಟೆ, ಕೆಂಪು ನಿಲುಗುಂಡಿ, ಎಲ್ಲರೂ ಒಪ್ಪಿದ ನಾಲ್ಕು ಕೈಸನ್ನೆ, ಇವುಗಳ ಖರ್ಚು ಎಷ್ಟು? ಕಂಪ್ರೆಸರಿಗೆ, ಡೀಸೆಲಿಗೆ ಸುರಿಯುವ ಹಣದ ಮುಂದೆ ಅದು ಲೆಕ್ಕಕ್ಕೇ ಬರೋದಿಲ್ಲ.

ಇಲ್ಲಿಗೆ ನಾವು ಅಸಲಿ ಮಾತಿಗೆ ಬಂದೆವು. ಬಂಡೆ ಕೊರೆಯೋಕೆ ಯಂತ್ರ ಬಂತು, ಯಾಕಂದರೆ ಕೈಯಲ್ಲಿ ಕೊರೆದರೆ ವ್ಯಾಪಾರಕ್ಕೆ ತಡ. ರಾಡು ಎತ್ತೋಕೆ ನಮ್ಮ ಕಡೆ ಬಹಳ ಲಾರಿಗಳಿಗೆ ಯಂತ್ರ ಬರಲಿಲ್ಲ, ಯಾಕಂದರೆ ಅಲ್ಲಿ ಅಗ್ಗದ ಭುಜ ಸಿಗುತ್ತೆ. ಯಂತ್ರ ಎಲ್ಲಿಯವರೆಗೆ, ಮನುಷ್ಯ ಎಲ್ಲಿಂದ ಅನ್ನೋ ಗೆರೆಯನ್ನು ಈ ದೇಶದಲ್ಲಿ ಇಂಜಿನಿಯರು ಒಬ್ಬನೇ ಎಳೆಯೋದಿಲ್ಲ. ಯಾರ ಜೀವ ಎಷ್ಟು ಬೆಲೆ ಅನ್ನೋ ಲೆಕ್ಕವೂ ಸೇರಿ ಎಳೆಯುತ್ತೆ. ಮಲದ ಗುಂಡಿಯ ಕಥೆಯೂ ಇದೇ ಅಲ್ಲವೇ? 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಹೀರುವ ಯಂತ್ರ ಇತ್ತು. ಆದರೂ ನಮ್ಮವರನ್ನು ಇಳಿಸಿದರು, ನಮ್ಮವರು ಸತ್ತರು.

ಯಂತ್ರ ಬಂದರೆ ಬಡವನ ಕೂಲಿ ಹೋಗುತ್ತೆ ಅಂತ ಹೇಳೋರೂ ಇದ್ದಾರೆ. ಆ ಭಯ ಸುಳ್ಳಲ್ಲ. ನಾಲ್ವರು ಎತ್ತುವ ಕಡೆ ತೋಳು ಬಂದರೆ ಇಬ್ಬರು ಸಾಕಾಗಬಹುದು. ಆದರೆ ಇದಕ್ಕೆ ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲೇ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಅಂತ ಕೇಳಿದ ಪುಸ್ತಕದಲ್ಲೇ, ದಾರಿ ತೋರಿಸಿದ್ದಾರೆ. ಮನುಷ್ಯನನ್ನು ಪಶುವಿನ ಬದುಕಿನಿಂದ ಬಿಡಿಸಿ, ಅವನಿಗೆ ಬಿಡುವು ಕೊಟ್ಟು, ಓದು ಸಂಸ್ಕೃತಿಗೆ ಎಡೆ ಮಾಡಿಕೊಡೋಕೆ ಯಂತ್ರ ಬೇಕೇ ಬೇಕು ಅನ್ನೋದು ಅವರ ವಾದ. ಕೇಡು ಯಂತ್ರದಲ್ಲಿಲ್ಲ, ಅದರ ಫಲವನ್ನು ಕೆಲವರೇ ನುಂಗುವ ಸಮಾಜದ ವ್ಯವಸ್ಥೆಯಲ್ಲಿದೆ ಅಂದರು. ಹಾಗಾದರೆ ನಮ್ಮ ಬೇಡಿಕೆ ಎರಡು ಕಾಲಿನದು. ಒಂದು, ರಾಡಿನ ಭಾರ ಯಂತ್ರ ಹೊರಲಿ. ಎರಡು, ಇಷ್ಟು ದಿನ ಭುಜ ಕೊಟ್ಟವನಿಗೇ ಆ ಯಂತ್ರದ ಹಿಡಿಕೆ ಕಲಿಸಿ, ಆಪರೇಟರಿನ ಸಂಬಳ ಕೊಡಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಬಿಟ್ಟರೆ ಅದು ಮೋಸ.

ಕಾನೂನು ಏನು ಹೇಳುತ್ತೆ? ತೆರೆದ ಬೋರಿಗೆ ಮಕ್ಕಳು ಬಿದ್ದು ಸಾಯುವುದನ್ನು ನೋಡಿ ಸುಪ್ರೀಂ ಕೋರ್ಟು 2010ರಲ್ಲಿ ಮಾರ್ಗಸೂಚಿ ಕೊಟ್ಟಿತು. ಕುಳಿಯ ಬಾಯಿ ಮುಚ್ಚಬೇಕು, ಬೇಲಿ ಹಾಕಬೇಕು, ಕೊರೆಯುವವರು ನೋಂದಾಯಿಸಿಕೊಂಡಿರಬೇಕು ಅಂತ. ಅದು ಆಗಲೇಬೇಕಾದ ಕೆಲಸ. ಕುಳಿ ಕೊರೆದವನ ಕೈ ಕಾಲಿನ ಬಗ್ಗೆಯೂ ಅಷ್ಟೇ ಗಟ್ಟಿಯಾದ ಮಾತು ಬೇಕು. 1979ರ ವಲಸೆ ಕಾರ್ಮಿಕರ ಕಾಯ್ದೆ ಬೇರೆ ರಾಜ್ಯದ ಐದು ಜನ ಇದ್ದರೂ ಅನ್ವಯಿಸುತ್ತಿತ್ತು. ಅದು 2020ರ ಸಂಹಿತೆಯೊಳಗೆ ಕರಗಿತು. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಅದರಲ್ಲಿ ವಲಸೆ ಕಾರ್ಮಿಕರ ಭಾಗಕ್ಕೆ ಹತ್ತು ಜನ ಇರಬೇಕು. ಒಂದೇ ರಿಗ್ಗಿನ ತಂಡ ಎಣಿಸಿದರೆ ಹತ್ತು ಮುಟ್ಟದೆ ಹೋಗಬಹುದು. ಆದರೆ ಇದೊಂದನ್ನು ಮರೆಯಬೇಡಿ. ಕೆಲಸದಲ್ಲಿ, ಕೆಲಸದ ಕಾರಣದಿಂದ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನೋ ತತ್ವ 1923ರಿಂದ ಇದೆ, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ.

ನೀವು ಏನು ಮಾಡಬಹುದು? ನಿಮ್ಮ ಊರಿಗೆ, ಹಾಸ್ಟೆಲಿನ ಪಕ್ಕಕ್ಕೆ ಬೋರ್ ಲಾರಿ ಬಂದಾಗ ನೀರಿನ ಪಾಯಿಂಟ್ ಒಂದನ್ನೇ ನೋಡಬೇಡಿ. ರಾಡುಗಳನ್ನು ಕಟ್ಟಿದ್ದಾರಾ? ಹಗ್ಗದ ಎಳೆ ಕಿತ್ತಿದೆಯಾ? ನಿಲುಗುಂಡಿ ಇದೆಯಾ? ಮಾಸ್ಟು ಎತ್ತುವ ಜಾಗದ ಮೇಲೆ ಕರೆಂಟಿನ ತಂತಿ ಇದೆಯಾ? ರಾಡು ಹಿಡಿದ ಹುಡುಗನ ವಯಸ್ಸೆಷ್ಟು, ಊರು ಯಾವುದು, ಅವನ ಮನೆಯ ಫೋನ್ ನಂಬರು ಯಾರ ಹತ್ತಿರ ಇದೆ? ಕೇಳಿ, ಬರೆದುಕೊಳ್ಳಿ. ಗಾಯವಾದರೆ ಆಸ್ಪತ್ರೆಯ ಚೀಟಿಯಲ್ಲಿ ಕೆಲಸದ ಜಾಗದಲ್ಲಿ ಆದದ್ದು ಅಂತ ಬರೆಸಿ. ಆ ಒಂದು ಸಾಲು ಇಲ್ಲದಿದ್ದರೆ ಪರಿಹಾರ ಕೇಳೋದು ಬಹಳ ಕಷ್ಟ. ನಮ್ಮ ಹೊಲಕ್ಕೇ ಸರ್ಕಾರದ ಬೋರು ಬಂದಿದ್ದರೆ ಕೇಳುವ ಹಕ್ಕು ನಮಗೆ ಇನ್ನೂ ಹೆಚ್ಚು. ನಮ್ಮ ಬೆಳೆಗೆ ನೀರು ಬರಲಿ ಅಂತ ಇನ್ನೊಂದು ಕೇರಿಯ ಹುಡುಗ ಬೆರಳು ಕಳಕೊಳ್ಳೋದು ನಮಗೆ ಬೇಡ.

ಇಂಜಿನಿಯರಿಂಗ್ ಓದುವ ಗೆಳೆಯರಿಗೆ ಒಂದು ಕೆಲಸ ಒಪ್ಪಿಸುತ್ತೇವೆ. ನಮ್ಮ ಹೊಲದ ದಾರಿಗೆ ಹೊಂದುವ, ಹಳೆಯ ಲಾರಿಗೂ ಕೂರಿಸಬಹುದಾದ ರಾಡು ಎತ್ತುವ ತೋಳಿನ ನಕ್ಷೆ ಬರೆಯಿರಿ. ಮೊದಲು ಹೋಗಿ ಆ ಹುಡುಗರನ್ನೇ ಕೇಳಿ. ಎಲ್ಲಿ ಕೈ ಸಿಕ್ಕುತ್ತೆ ಅನ್ನೋದು ಅವರಿಗೆ ಗೊತ್ತು.

ಜೈ ಭೀಮ್.