ಮ್ಯಾಕ್ರೋ ಕೈಕೊಟ್ಟಾಗ: ಅಪ್‌ಡೇಟೋ, ಹೊಸ ಆವೃತ್ತಿಯೋ?



ತಿಂಗಳ ಕೊನೆಗೆ ಸಂಬಳದ ಪಟ್ಟಿ ಮಾಡುವವರಿಗೆ ಮ್ಯಾಕ್ರೋದ ಬೆಲೆ ಗೊತ್ತು. ಎಕ್ಸೆಲ್ ಹಾಳೆಯ ಮೇಲಿನ ಬಟನ್ ಒತ್ತಿದರೆ ಅರ್ಧ ದಿನದ ಲೆಕ್ಕ ನಿಮಿಷದಲ್ಲಿ ಸಿದ್ಧ. 1993ರಲ್ಲಿ ಎಕ್ಸೆಲ್‌ಗೆ ವಿಬಿಎ ಭಾಷೆ ಸೇರಿದ ಮೇಲೆ ಇಂಥ ಮ್ಯಾಕ್ರೋಗಳನ್ನೇ ನಂಬಿ ನಡೆಯುವ ಕಚೇರಿಗಳು ಎಷ್ಟೋ. ಬರೆದವರು ಮಾತ್ರ ಎಂದೋ ವರ್ಗವಾಗಿ ಹೋಗಿರುತ್ತಾರೆ.

ಒಂದು ದಿನ ಆ ಬಟನ್ ಕೈಕೊಡುತ್ತದೆ. "ಅಪ್‌ಡೇಟ್ ಹಾಕಿ" ಎನ್ನುತ್ತಾರೆ ಒಬ್ಬರು. "ಹಳೇ ಆಫೀಸ್ ಬಿಡಿ, ಹೊಸದು ತನ್ನಿ" ಎನ್ನುತ್ತಾರೆ ಇನ್ನೊಬ್ಬರು. ಖರ್ಚಿನ ಮಾತಿಗೆ ಮೊದಲು, ತಪ್ಪು ಯಾರದೆಂದು ನೋಡೋಣ.

ಬಹಳ ಸಲ ತಪ್ಪು ಮ್ಯಾಕ್ರೋದ್ದೇ. ಸಾಲು ಎಣಿಸಲು 'ಇಂಟಿಜರ್' ಎಂಬ ಸಣ್ಣ ಸಂಖ್ಯೆಗಳ ಬಗೆಯನ್ನು ಬಳಸಿದ್ದರೆ ಎಣಿಕೆ 32,767ಕ್ಕೆ ಮುಗಿಯಿತು. ಪಟ್ಟಿ ಅದನ್ನು ದಾಟಿದ ದಿನ 'ಓವರ್‌ಫ್ಲೋ' ಎಂದು ನಿಲ್ಲುತ್ತದೆ. ಎಷ್ಟು ದುಡ್ಡು ಕೊಟ್ಟು ಹೊಸ ಆವೃತ್ತಿ ತಂದರೂ ಅಷ್ಟೇ. 'ಇಂಟಿಜರ್' ಅಳಿಸಿ 'ಲಾಂಗ್' ಎಂದು ಬರೆದರೆ ಸರಿಹೋಗುತ್ತದೆ. ಕನ್ನಡದ ಪದವನ್ನು ನೇರವಾಗಿ ವಿಬಿಎ ಎಡಿಟರಿನಲ್ಲಿ ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದಲ್ಲ, ಅದೂ ಆವೃತ್ತಿ ಬದಲಿಸಿದರೆ ಹೋಗುವುದಿಲ್ಲ. ಆ ಎಡಿಟರಿಗೆ ಯುನಿಕೋಡ್ ಇಂದಿಗೂ ಒಗ್ಗಿಲ್ಲ. ಪದವನ್ನು ಹಾಳೆಯ ಒಂದು ಕೋಶದಲ್ಲಿಟ್ಟು ಅಲ್ಲಿಂದ ಓದಿಸುವುದೇ ಸುಲಭ.

ನಿನ್ನೆ ಓಡುತ್ತಿದ್ದ ಮ್ಯಾಕ್ರೋ, ಯಾರೂ ಮುಟ್ಟದೆ, ಎಲ್ಲ ಕಂಪ್ಯೂಟರುಗಳಲ್ಲೂ ಒಟ್ಟಿಗೆ ನಿಂತಿತೇ? ಆಗ ಅಪ್‌ಡೇಟಿನ ಮೇಲೆ ಅನುಮಾನಪಡಿ. 2014ರ ಡಿಸೆಂಬರ್‌ನ ಭದ್ರತಾ ಅಪ್‌ಡೇಟ್ ಬಂದ ಮೇಲೆ ಹಾಳೆಗಳ ಮೇಲಿದ್ದ ಆಕ್ಟಿವ್‌ಎಕ್ಸ್ ಬಟನ್‌ಗಳು ಅನೇಕ ಕಡೆ ಕೆಲಸ ನಿಲ್ಲಿಸಿದವು. ಕಂಪ್ಯೂಟರಿನಲ್ಲಿ ಕೂಡಿಟ್ಟಿದ್ದ ಹಳೆಯ ತಾತ್ಕಾಲಿಕ ಕಡತಗಳು ಹೊಸದಕ್ಕೆ ಹೊಂದಿಕೊಳ್ಳಲಿಲ್ಲ. ಅವನ್ನು ಅಳಿಸಿದರೆ ಬಟನ್‌ಗೆ ಜೀವ ಬರುತ್ತಿತ್ತು. 2019ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟೇ ವಿಬಿಎಗೆ ತೊಡಕಾಯಿತು. ಪರಿಹಾರವೂ ಮತ್ತೊಂದು ಅಪ್‌ಡೇಟಾಗಿ ಬಂತು. ಇಂಥ ಕತೆ ಕೇಳಿ ಅಪ್‌ಡೇಟನ್ನೇ ನಿಲ್ಲಿಸುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ, ಮ್ಯಾಕ್ರೋ ವೈರಸ್‌ಗಳಿಗೆ ಬಾಗಿಲು ತೆರೆದಿಟ್ಟಂತೆ. ಮೊದಲು ಒಂದು ಕಂಪ್ಯೂಟರಿಗೆ ಹಾಕಿ ನೋಡಿ, ಆಮೇಲೆ ಉಳಿದವಕ್ಕೆ ಹಾಕಿದರಾಯಿತು.

ಇಮೇಲಿನಲ್ಲಿ ಬಂದ ಕಡತದ ಮ್ಯಾಕ್ರೋ ಮಾತ್ರ ಓಡದಿದ್ದರೆ ಅದು ಕೆಟ್ಟಿಲ್ಲ. 2022ರಿಂದ ಹೊರಗಿನ ಕಡತಗಳ ಮ್ಯಾಕ್ರೋವನ್ನು ಆಫೀಸ್ ತಾನೇ ತಡೆಯುತ್ತಿದೆ.

ಹೊಸ ಆವೃತ್ತಿಯ ಪೆಟ್ಟು ಬೇರೆ ಥರದ್ದು. ಕಡತ ಹುಡುಕಲು ಮ್ಯಾಕ್ರೋಗಳು ಬಳಸುತ್ತಿದ್ದ 'ಫೈಲ್‌ಸರ್ಚ್' 2007ರ ಆಫೀಸಿನಲ್ಲಿ ಮಾಯವಾಯಿತು. 2010ರಲ್ಲಿ 64 ಬಿಟ್ ಆಫೀಸ್ ಬಂದಾಗ ವಿಂಡೋಸ್‌ನ ಸವಲತ್ತುಗಳನ್ನು ನೇರವಾಗಿ ಕರೆಯುತ್ತಿದ್ದ ಸಾಲುಗಳನ್ನು ತಿದ್ದಿ ಬರೆಯಬೇಕಾಯಿತು. 2019ರ ಆವೃತ್ತಿಯಿಂದ ತಾನಾಗಿ ಸ್ಥಾಪನೆಯಾಗುವುದೂ 64 ಬಿಟ್‌ನದೇ. ಮ್ಯಾಕ್ರೋ ಹಳೆಯದಾಗಿದ್ದು ತಿದ್ದುವವರು ಸಿಗದಿದ್ದರೆ 32 ಬಿಟ್ ಕೇಳಿ ಹಾಕಿಸಿಕೊಳ್ಳಿ. ಅದು ಈಗಲೂ ಸಿಗುತ್ತದೆ.

ಹಾಗಂತ ಹಳೆಯದಕ್ಕೇ ಅಂಟಿಕೊಳ್ಳುವಂತಿಲ್ಲ. 2016 ಮತ್ತು 2019ರ ಆಫೀಸುಗಳಿಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ಅವುಗಳನ್ನು ಬಳಸುವವರು ಹೊಸದಕ್ಕೆ ಹೋಗಲೇಬೇಕು. ಹೋಗುವಾಗ ಕಳೆದ ತಿಂಗಳ ಪಟ್ಟಿಯ ಪ್ರತಿಯನ್ನು ಹೊಸದರಲ್ಲಿ ಓಡಿಸಿ, ಮೊತ್ತಗಳನ್ನು ಹಳೆಯದರ ಪಕ್ಕ ಇಟ್ಟು ನೋಡಿ. ಸಂಬಳದ ವಾರದಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ.