ಗಂಡಭೇರುಂಡದ ಮಗ್ಗುಲಲ್ಲಿ ಚರಕ



ಜೋಗಕ್ಕೆ ಹೋಗಿಬಂದವರಿಗೆ ಅಲ್ಲಿಯ ಎರಡು ಬಂಗಲೆ ಗೊತ್ತಿರುತ್ತದೆ. ಶರಾವತಿಯ ಆಚೆ ಸಾಗರದ ಕಡೆ ಮೈಸೂರು ಬಂಗಲೆ, ಈಚೆ ನಮ್ಮ ಸಿದ್ದಾಪುರದ ಕಡೆ ಬಾಂಬೆ ಬಂಗಲೆ. ನಡುವೆ ಇರುವುದು ಒಂದು ಕಣಿವೆ. ಆದರೆ 1938ರಲ್ಲಿ ಆ ಕಣಿವೆಯ ಎರಡು ದಡಗಳಲ್ಲಿ ಎರಡು ಕಾನೂನು ನಡೆಯುತ್ತಿದ್ದವು. ನಮ್ಮ ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತದಲ್ಲಿತ್ತು. 1937ರ ಜುಲೈಯಲ್ಲಿ ಆ ಪ್ರಾಂತದಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಬಂತು. ಹಾಗಾಗಿ ಕುಮಟೆಯಲ್ಲೋ ಹೊನ್ನಾವರದಲ್ಲೋ ಚರಕದ ತ್ರಿವರ್ಣ ಹಿಡಿದು ಮೆರವಣಿಗೆ ಹೊರಟರೆ ತಡೆಯುವವರಿರಲಿಲ್ಲ. ಅದೇ ಬಾವುಟವನ್ನು ಹೊಳೆ ದಾಟಿಸಿ ತಾಳಗುಪ್ಪದಲ್ಲಿ ಹಿಡಿದರೆ ಮೈಸೂರಿನ ಪೊಲೀಸರು ಬರುತ್ತಿದ್ದರು. ಬಟ್ಟೆ ಅದೇ, ಭಾಷೆ ಅದೇ, ಹಿಡಿದ ಜನವೂ ಒಬ್ಬರಿಗೊಬ್ಬರು ನೆಂಟರು.

ಬಾವುಟದ ವಿವಾದ ಎಂಬ ವಿಷಯಕ್ಕೆ ನಾನು ಆ ವರ್ಷವನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಂದು ಬಾವುಟದ ಜಗಳ ಎಂದ ಕೂಡಲೇ ನಾವು ಒಂದು ಪಕ್ಷ ಹಿಡಿದುಬಿಡುತ್ತೇವೆ. 1938ರ ಮೈಸೂರಿನ ಜಗಳದಲ್ಲಿ ಹಾಗೆ ಪಕ್ಷ ಹಿಡಿಯುವುದು ಅಷ್ಟು ಸುಲಭವಲ್ಲ.

ಅಲ್ಲಿ ಎದುರುಬದುರಾದ ಬಾವುಟಗಳು ಯಾವುವು ನೋಡಿ. ಒಂದು, ಗಂಡಭೇರುಂಡದ ಮೈಸೂರು ಸಂಸ್ಥಾನದ ಬಾವುಟ. ಗದ್ದುಗೆಯಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಎಲ್ಲ ಆ ಬಾವುಟದ ಕೆಳಗೆ ಬಂದವು. ಅದನ್ನು ಜನ ದ್ವೇಷಿಸುತ್ತಿರಲಿಲ್ಲ. ದಸರೆಯಲ್ಲಿ ಅದಕ್ಕೆ ಕೈ ಮುಗಿಯುತ್ತಿದ್ದವರೇ ಮರುದಿನ ಗಾಂಧಿ ಟೋಪಿ ಹಾಕಿ ಸಭೆಗೆ ಹೋಗುತ್ತಿದ್ದರು. ಇನ್ನೊಂದು, 1931ರಲ್ಲಿ ಕಾಂಗ್ರೆಸ್ ಒಪ್ಪಿದ ಕೇಸರಿ, ಬಿಳಿ, ಹಸುರಿನ ನಡುವೆ ಚರಕವಿದ್ದ ಬಾವುಟ. ಸರಕಾರದ ವಾದ: ಇದು ಒಂದು ಪಕ್ಷದ ಬಾವುಟ, ಸಂಸ್ಥಾನಕ್ಕೆ ತನ್ನದೇ ಬಾವುಟವಿದೆ, ಅದನ್ನು ಬದಿಗೊತ್ತಿ ಬೇರೆಯದನ್ನು ಏರಿಸುವುದು ಅವಮಾನ. ಕಾಂಗ್ರೆಸ್ಸಿನವರ ವಾದ: ಇದು ಪಕ್ಷದ್ದಾಗಿ ಹುಟ್ಟಿದರೂ ದೇಶದ್ದಾಗಿ ಬೆಳೆದಿದೆ, ಮೈಸೂರು ದೇಶದ ಹೊರಗಿಲ್ಲ. ಎರಡೂ ವಾದದಲ್ಲಿ ತೂಕವಿದೆ. ಸರಕಾರ ತಪ್ಪಿದ್ದು ವಾದದಲ್ಲಲ್ಲ, ವಾದ ನಡೆಯುತ್ತಿರುವಾಗಲೇ ನಿಷೇಧಾಜ್ಞೆ ಹೊರಡಿಸಿದ್ದರಲ್ಲಿ ಎಂದು ನಾನು ನಂಬುತ್ತೇನೆ.

ಈ ಚರಕದ ಬಾವುಟಕ್ಕೂ ನಮ್ಮ ಸೀಮೆಗೂ ಇರುವ ನಂಟನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1923ರಲ್ಲಿ ನಾಗಪುರದಲ್ಲಿ ಝೆಂಡಾ ಸತ್ಯಾಗ್ರಹ ನಡೆಯಿತು. ಬಾವುಟ ಹಿಡಿದು ಸಿವಿಲ್ ಲೈನ್ಸ್ ಬೀದಿಯಲ್ಲಿ ನಡೆಯಬಾರದು ಎಂಬ ಆಜ್ಞೆಯನ್ನು ಮುರಿಯಲು ದೇಶದ ಮೂಲೆ ಮೂಲೆಯಿಂದ ಜನ ಹೋದರು. ಹುಬ್ಬಳ್ಳಿಯಿಂದ ಡಾ. ನಾ.ಸು. ಹರ್ಡೀಕರರ ಸ್ವಯಂಸೇವಕರು ಹೋದರು, ಕ್ಷಮೆ ಕೇಳದೆ ಜೈಲಿನಲ್ಲಿ ಉಳಿದರು. ಕಾಂಗ್ರೆಸ್ಸಿನ ಸ್ವಯಂಸೇವಕ ಪಡೆಯಾದ ಸೇವಾದಳ ಹುಟ್ಟಿದ್ದು ಅದರ ಬೆನ್ನಿಗೇ. 1931ರಲ್ಲಿ ಬಾವುಟದ ಬಣ್ಣಗಳ ಬಗ್ಗೆಯೇ ತಕರಾರು ಎದ್ದಾಗ ಕಾಂಗ್ರೆಸ್ ಏಳು ಜನರ ಸಮಿತಿ ಮಾಡಿತು. ಅದರಲ್ಲಿ ಹರ್ಡೀಕರರಿದ್ದರು, ಬಾಲ್ಯದ ಕೆಲವು ವರ್ಷ ಕಾರವಾರದಲ್ಲಿ ಕಳೆದ ಕಾಕಾ ಕಾಲೇಲ್ಕರರೂ ಇದ್ದರು. ಒಂದೊಂದು ಬಣ್ಣ ಒಂದೊಂದು ಮತದ್ದು ಎಂದು ಜನ ಓದುತ್ತಿದ್ದರಿಂದ ಆ ಜಗಳವೇ ಬೇಡವೆಂದು ಸಮಿತಿ ಒಂದೇ ಕೇಸರಿ ಬಣ್ಣದ ಬಾವುಟ ಸೂಚಿಸಿತು. ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು ಒಪ್ಪಲಿಲ್ಲ. ಮೂರು ಬಣ್ಣವೇ ಇರಲಿ, ಆದರೆ ಅವು ಮತಗಳನ್ನು ಸೂಚಿಸುವುದಿಲ್ಲ, ಗುಣಗಳನ್ನು ಸೂಚಿಸುತ್ತವೆ ಎಂದು ಠರಾಯಿಸಿತು. ಇಂದು ನಾವು ಪ್ರಶ್ನಾತೀತ ಎಂದು ತಿಳಿಯುವ ಬಾವುಟ ಇಷ್ಟೆಲ್ಲ ತಿದ್ದುಪಡಿ, ವಾಗ್ವಾದ ದಾಟಿ ಬಂದದ್ದು. ಅದರಿಂದ ಅದರ ಗೌರವ ನನ್ನ ಕಣ್ಣಿನಲ್ಲಿ ಹೆಚ್ಚಿದೆ.

ಈಗ ಶಿವಪುರ. ಮದ್ದೂರಿನ ಪಕ್ಕದ ಹಳ್ಳಿ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲಿ ಸೇರಿತು. ಟಿ. ಸಿದ್ಧಲಿಂಗಯ್ಯನವರು ಅಧ್ಯಕ್ಷರು. ಎಚ್.ಕೆ. ವೀರಣ್ಣಗೌಡರಂಥ ಮದ್ದೂರು ಸೀಮೆಯ ರೈತ ಮುಖಂಡರು ಮುಂದೆ ನಿಂತು ವ್ಯವಸ್ಥೆ ಮಾಡಿದ್ದರು. ಬಾವುಟ ಏರಿಸಕೂಡದೆಂದು ನಿಷೇಧಾಜ್ಞೆ ಇತ್ತು. ಅದನ್ನು ಮೀರಿ ಬಾವುಟ ಏರಿಸಲಾಯಿತು, ಅಧ್ಯಕ್ಷರು ಬಂಧನಕ್ಕೊಳಗಾದರು, ಅವರ ಹಿಂದೆ ಇತರ ಮುಖಂಡರೂ. ಶಿವಪುರದಲ್ಲಿ ಗುಂಡು ಹಾರಲಿಲ್ಲ. ಬಂಧಿಸುವವರೂ ಬಂಧನಕ್ಕೊಳಗಾಗುವವರೂ ಅಲ್ಲಿ ಒಂದು ಮಿತಿಯೊಳಗೇ ನಡೆದುಕೊಂಡರು.

ಎರಡು ವಾರದ ಮೇಲೆ, ಏಪ್ರಿಲ್ 25ರಂದು, ಆ ಮಿತಿ ಮುರಿಯಿತು. ಗೌರಿಬಿದನೂರಿನ ಹತ್ತಿರ ಉತ್ತರ ಪಿನಾಕಿನಿಯ ದಡದಲ್ಲಿ ವಿದುರಾಶ್ವತ್ಥ. ವಿದುರ ನೆಟ್ಟ ಅರಳಿಮರವೆಂದು ನಂಬಿ ಸುತ್ತ ನಾಗರಕಲ್ಲು ಪ್ರತಿಷ್ಠೆ ಮಾಡುವ ಕ್ಷೇತ್ರ. ಜಾತ್ರೆಯ ಕಾಲವಾದ್ದರಿಂದ ಮಕ್ಕಳು ಮರಿಗಳೊಂದಿಗೆ ಬಂದ ಜನ ಸಾವಿರಗಟ್ಟಲೆ ಇದ್ದರು. ಬಾವುಟ ಏರಿಸುವ ಸಭೆಗೆ ನಿಷೇಧವಿತ್ತು. ಸಭೆ ಸೇರಿತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಎಂದು ಸರಕಾರ ಹೇಳಿತು, 32 ಎಂದು ಜನ ಹೇಳಿದರು. ಆಮೇಲೆ ಆ ಊರಿಗೆ ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ನಿಂತಿತು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿ ಆಜ್ಞೆ ಕೊಟ್ಟವರು ಹೊರಗಿನಿಂದ ಬಂದ ಬಿಳಿಯರು. ಇಲ್ಲಿ ಗುಂಡು ಹಾರಿಸಿದ್ದು ನಮ್ಮದೇ ಸರಕಾರದ, ನಮ್ಮದೇ ಭಾಷೆಯ ಪೊಲೀಸರು, ಜನ ಪ್ರೀತಿಸುತ್ತಿದ್ದ ಒಬ್ಬ ರಾಜನ ಬಾವುಟದ ಹೆಸರಿನಲ್ಲಿ.

ಮುಂದೆ ನಡೆದದ್ದನ್ನು ಶಾಲೆಯ ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಇಡೀ ಪ್ರಸಂಗದಲ್ಲಿ ಅತ್ಯಂತ ಮುಖ್ಯವಾಗಿ ಕಾಣುವುದೇ ಅದು. ಗಾಂಧೀಜಿ ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಬೆಂಗಳೂರಿಗೆ ಕಳಿಸಿದರು. 1923ರ ನಾಗಪುರದ ಸತ್ಯಾಗ್ರಹವನ್ನು ಮುಗಿಸಿಕೊಟ್ಟವರೂ ಪಟೇಲರೇ, ಹಾಗಾಗಿ ಬಾವುಟದ ಬಿಕ್ಕಟ್ಟು ಅವರಿಗೆ ಹೊಸದಲ್ಲ. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಸರಕಾರದ ಮನ್ನಣೆ. ಸಾರ್ವಜನಿಕ ಸಮಾರಂಭಗಳಲ್ಲಿ ಮೈಸೂರಿನ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟ. ಕಾಂಗ್ರೆಸ್ಸಿನ ಸ್ವಂತ ಸಭೆಗಳಲ್ಲಿ ಅದರ ಬಾವುಟವೊಂದೇ ಇದ್ದರೆ ಅಡ್ಡಿಯಿಲ್ಲ.

ಇಷ್ಟೇ. ಗಂಡಭೇರುಂಡದ ಮಗ್ಗುಲಲ್ಲಿ ಚರಕ. ವಿದುರಾಶ್ವತ್ಥದ ಹೆಣಗಳು ಎದ್ದು ಮೂರು ವಾರ ಕಳೆಯುವ ಹೊತ್ತಿಗೆ ಈ ಕೆಲವು ಸಾಲುಗಳನ್ನು ಬರೆಯಲು ಸಾಧ್ಯವಾಯಿತು. ಬರೆಯಲು ಹೊಸ ಜ್ಞಾನವೇನೂ ಬೇಕಿರಲಿಲ್ಲ, ಹೊಸ ಕಾನೂನು ಬೇಕಿರಲಿಲ್ಲ. ಮಾರ್ಚ್ ತಿಂಗಳಲ್ಲೇ ಕುಳಿತು ಬರೆಯಬಹುದಿತ್ತು. ಬರೆದಿದ್ದರೆ ಜಾತ್ರೆಗೆ ಬಂದವರು ಮನೆಗೆ ಹೋಗುತ್ತಿದ್ದರು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಆದರೂ ಆ ಒಪ್ಪಂದದ ಫಲ ದೊಡ್ಡದು. ಅಮೆರಿಕದ ಒಂದು ಉದಾಹರಣೆ ಪಕ್ಕದಲ್ಲಿಟ್ಟರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಂಗೆಯೆದ್ದ ದಕ್ಷಿಣದ ರಾಜ್ಯಗಳ ಯುದ್ಧದ ಬಾವುಟ ಸೌತ್ ಕೆರೊಲಿನಾ ರಾಜ್ಯದ ಶಾಸನಸಭೆಯ ಗುಮ್ಮಟದ ಮೇಲೆ 1960ರ ದಶಕದಿಂದ 2000ದವರೆಗೆ ಹಾರಿತು. ಆಮೇಲೆ ಅದೇ ಆವರಣದ ಇನ್ನೊಂದು ಕಂಬಕ್ಕೆ ಬಂತು. 2015ರ ಜೂನ್‌ನಲ್ಲಿ ಚಾರ್ಲ್‌ಸ್ಟನ್ನಿನ ಚರ್ಚಿನಲ್ಲಿ ಒಂಬತ್ತು ಕಪ್ಪು ಜನರನ್ನು ಒಬ್ಬ ಬಿಳಿಯ ಯುವಕ ಗುಂಡಿಟ್ಟು ಕೊಂದ. ಜುಲೈ 10ರಂದು ಬಾವುಟ ಇಳಿಯಿತು, ವಸ್ತುಸಂಗ್ರಹಾಲಯಕ್ಕೆ ಹೋಯಿತು. ಅದಕ್ಕೆ ಅಲ್ಲೇ ಜಾಗ, ಏಕೆಂದರೆ ಆ ರಾಜ್ಯದ ಪ್ರಜೆಗಳಲ್ಲಿ ಒಂದು ಪಾಲಿನವರ ಅಜ್ಜ ಮುತ್ತಜ್ಜಂದಿರನ್ನು ಮಾರಾಟದ ಸರಕಾಗಿಯೇ ಉಳಿಸಬೇಕೆಂದು ಆ ಬಾವುಟ ಯುದ್ಧ ಮಾಡಿತ್ತು.

ಗಂಡಭೇರುಂಡದ ಕೆಳಗೂ ರಕ್ತ ಹರಿದಿದೆ. ಆದರೂ 1947ರಲ್ಲಿ ಮೈಸೂರು ಚಲೋ ಚಳವಳಿ ನಡೆದು ಜವಾಬ್ದಾರಿ ಸರಕಾರ ಬಂದ ಮೇಲೆ ಅದನ್ನು ಯಾರೂ ಕಿತ್ತು ಹಾಕಲಿಲ್ಲ. ಏಕೀಕರಣದ ನಂತರ ರಾಜ್ಯದ ಲಾಂಛನದಲ್ಲಿ ಅದು ಉಳಿಯಿತು. ನಮ್ಮ ತಹಸೀಲ್ದಾರ ಕಚೇರಿಯ ಕಾಗದದ ನೆತ್ತಿಯ ಮೇಲೆ ಈಗಲೂ ಇದೆ. 2018ರ ಮಾರ್ಚ್ 8ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅನಾವರಣ ಮಾಡಿದ ನಾಡಧ್ವಜದ ನಡುವಿನ ಬಿಳಿ ಪಟ್ಟಿಯಲ್ಲೂ ಅದೇ ಕುಳಿತಿದೆ. ಗುಂಡು ಹಾರಿದ ನೆನಪಿದ್ದ ಜನ ಇದನ್ನು ಹೇಗೆ ಸಹಿಸಿಕೊಂಡರು? ಒಂದು ಬಾವುಟ ಗೆದ್ದು ಇನ್ನೊಂದನ್ನು ತುಳಿಯಲಿಲ್ಲ, ಪಕ್ಕಪಕ್ಕದಲ್ಲಿ ನಿಂತವು. ಅದರಿಂದಲೇ ಹಳೆಯದಕ್ಕೆ ಮರ್ಯಾದೆಯಿಂದ ಉಳಿಯುವ ದಾರಿ ಸಿಕ್ಕಿತು ಎಂಬುದು ನನ್ನ ಉತ್ತರ.

ಇಲ್ಲಿ ಕರಾವಳಿಯವರ ಒಂದು ಆಕ್ಷೇಪವಿದೆ. ಗಂಡಭೇರುಂಡ ಮೈಸೂರಿನದು, ನಮಗೇನು ಸಂಬಂಧ ಎಂದು ಕೇಳುತ್ತಾರೆ. ಕೇಳುವುದು ಸರಿ, ನಾವು 1956ರವರೆಗೆ ಮೈಸೂರಿನ ಪ್ರಜೆಗಳಲ್ಲ. ಆದರೆ ಆ ಎರಡು ತಲೆಯ ಹಕ್ಕಿ ಒಡೆಯರಿಗಿಂತ ಹಳೆಯದು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದಿದೆ, ಆ ಸಾಮ್ರಾಜ್ಯಕ್ಕೆ ಕುದುರೆ ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳವೂ ಒಂದು. ಕೆಳದಿಯ ರಾಮೇಶ್ವರ ದೇವಸ್ಥಾನದ ಮಾಡಿನಲ್ಲಿ ಅದರ ಕೆತ್ತನೆ ಇದೆ, ಕೆಳದಿಯ ನಾಯಕರ ಆಳ್ವಿಕೆ ಹೊನ್ನಾವರದ ಕಡಲಿನವರೆಗೂ ಹಬ್ಬಿತ್ತು. ನನ್ನ ಮಟ್ಟಿಗೆ ಆ ಹಕ್ಕಿ ಘಟ್ಟದ ಮೇಲಿನವರಿಗೆ ಎಷ್ಟು ಸೇರಿದ್ದೋ ನಮಗೂ ಅಷ್ಟೇ.

2018ರ ಆ ನಾಡಧ್ವಜ ಕೇಂದ್ರದ ಒಪ್ಪಿಗೆಗೆ ಹೋಯಿತು, ಒಪ್ಪಿಗೆ ಬರಲಿಲ್ಲ. ನಾವು ನವೆಂಬರ್ ಒಂದರಂದು ಏರಿಸುವುದು ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕನ್ನಡ ಚಳವಳಿಗೆಂದು ರೂಪಿಸಿದ ಅರಿಶಿನ ಕುಂಕುಮದ ಬಾವುಟ. ಅದು ಜನರೇ ಒಪ್ಪಿಕೊಂಡ ಬಾವುಟ, ಕಾನೂನಿನಲ್ಲಿ ಅದಕ್ಕೆ ಸ್ಥಾನವಿಲ್ಲ. ಸರಕಾರಿ ಕಟ್ಟಡಗಳ ಮೇಲೆ ಏರಿಸಬೇಕೆಂದು 2012ರಲ್ಲಿ ಸದಾನಂದ ಗೌಡರ ಸರಕಾರ ಹೇಳಿದಾಗ ವಿಷಯ ಹೈಕೋರ್ಟಿಗೆ ಹೋಯಿತು, ಸರಕಾರ ಹಿಂದೆ ಸರಿಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಖಾದಿ ಸಂಘದ ಕೆಲಸವನ್ನು ಇದರ ಜೊತೆ ಹೋಲಿಸಿ. ರಾಷ್ಟ್ರಧ್ವಜಕ್ಕೆ ಒಂಬತ್ತು ಅಳತೆಗಳು ನಿಗದಿಯಾಗಿವೆ, ಉದ್ದ ಅಗಲಗಳ ಪ್ರಮಾಣ ಯಾವಾಗಲೂ 3:2, ಚಕ್ರದ 24 ಅರಗಳು ಬಟ್ಟೆಯ ಎರಡೂ ಮುಖದಲ್ಲಿ ಒಂದರ ಬೆನ್ನಿಗೊಂದು ಸರಿಯಾಗಿ ಕೂರಬೇಕು. ನಾಡಿನ ಬಾವುಟಕ್ಕೆ ಹಳದಿ ಎಷ್ಟು ಗಾಢ, ಯಾರು ಯಾವ ಕಂಬಕ್ಕೆ ಏರಿಸಬಹುದು, ಯಾವಾಗ ಇಳಿಸಬೇಕು, ಒಂದೂ ಬರೆದಿಟ್ಟಿಲ್ಲ. ಬರೆದಿಡದ ಕಡೆ ಗಲಾಟೆ ಬರುತ್ತದೆ. 2020ರ ಡಿಸೆಂಬರ್ ಕೊನೆಗೆ ಬೆಳಗಾವಿಯ ಮಹಾನಗರ ಪಾಲಿಕೆಯ ಎದುರು ಕನ್ನಡ ಬಾವುಟ ಏರಿದಾಗ ಎದ್ದ ಗಲಾಟೆ ನಿಮಗೆ ನೆನಪಿರಬಹುದು.

ಶಿವಪುರ ಇರುವ ಮಂಡ್ಯ ಜಿಲ್ಲೆಯಲ್ಲೇ 2024ರ ಜನವರಿಯಲ್ಲಿ ಕೆರಗೋಡಿನ ಘಟನೆ ನಡೆಯಿತು. 108 ಅಡಿಯ ಕಂಬ, ಅದರ ಮೇಲೆ ಹನುಮಧ್ವಜ. ಪಂಚಾಯತಿ ಅನುಮತಿ ಕೊಟ್ಟದ್ದು ರಾಷ್ಟ್ರಧ್ವಜಕ್ಕೂ ಕನ್ನಡ ಬಾವುಟಕ್ಕೂ ಮಾತ್ರ ಎಂದು ಆಡಳಿತ. ಊರವರು ದುಡ್ಡು ಹಾಕಿ ನಿಲ್ಲಿಸಿದ ಕಂಬ, ಊರ ದೇವರ ಬಾವುಟ ಎಂದು ಜನ. ಪೊಲೀಸರ ಕಾವಲಿನಲ್ಲಿ ಅದನ್ನು ಇಳಿಸಿ ತ್ರಿವರ್ಣ ಏರಿಸಲಾಯಿತು, ಲಾಠಿ ಬೀಸಲಾಯಿತು, ಆಮೇಲೆ ರಾಜಧಾನಿಯ ಪಕ್ಷಗಳೆಲ್ಲ ಊರಿಗೆ ಬಂದವು. ಅನುಮತಿಯ ಷರತ್ತು ಪಾಲಿಸಬೇಕಾದದ್ದೇ, ಪಂಚಾಯತಿ ಜಾಗದ ಕಂಬ ಎಲ್ಲ ಮತದವರಿಗೂ ಸೇರಿದ್ದು. ಆದರೆ ಏರಿಸಿದ ದಿನ ಸುಮ್ಮನಿದ್ದು ಜನರ ಭಾವನೆ ಗಟ್ಟಿಯಾದ ಮೇಲೆ ಪೊಲೀಸರೊಂದಿಗೆ ಬರುವುದು ಆಡಳಿತಕ್ಕೆ ಶೋಭೆಯಲ್ಲ. ರಾಷ್ಟ್ರಧ್ವಜವನ್ನು ಲಾಠಿಯ ನೆರಳಿನಲ್ಲಿ ಏರಿಸುವಂತಾದದ್ದು ನನಗೆ ತುಂಬ ನೋವು ತಂದ ಸಂಗತಿ.

ನಮ್ಮ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ ಬಗೆಬಗೆಯ ಬಾವುಟಗಳಿವೆ: ಹಬ್ಬದವು, ಉರೂಸಿನವು, ಬಂಡಿಹಬ್ಬದವು, ಪಕ್ಷದವು, ದೋಣಿಗಳ ಮೇಲಿನವು. ಸ್ವಂತ ಅಂಗಳದಲ್ಲಿ, ದೇವಸ್ಥಾನದಲ್ಲಿ, ಮಸೀದಿಯಲ್ಲಿ, ಪಕ್ಷದ ಕಚೇರಿಯಲ್ಲಿ ಅವು ಹಾರಲಿ. ಸರ್ಕಲ್ಲಿನಲ್ಲೋ ಕಡಲತಡಿಯಲ್ಲೋ ಪಂಚಾಯತಿ ಜಾಗದಲ್ಲಿ ಕಂಬ ನೆಡುವುದಾದರೆ ಗುಂಡಿ ತೋಡುವ ಮೊದಲೇ ಗ್ರಾಮಸಭೆ ಕರೆದು ಠರಾವು ಬರೆಯಬೇಕು: ಯಾವ ಬಾವುಟ, ಯಾವ ದಿನಗಳಲ್ಲಿ, ಇಳಿಸುವ ಹೊಣೆ ಯಾರದು. ಆ ಠರಾವನ್ನು ನಾಲ್ಕು ಜನ ಓದುವ ಕಡೆ ಹಚ್ಚಬೇಕು. ತಕರಾರು ಬಂದರೆ ಪೊಲೀಸ್ ಠಾಣೆಗಿಂತ ಮೊದಲು ಎರಡೂ ಕಡೆಯ ಹಿರಿಯರು ಕೂರಬೇಕು, ಕೂತು ಮುಗಿಯುವವರೆಗೆ ಕಂಬದ ಮೇಲೆ ತ್ರಿವರ್ಣದ ಹೊರತು ಏನೂ ಇರಬಾರದು. ಇದು ಹಳ್ಳಿಯ ಮಟ್ಟದಲ್ಲಿ ಒಂದು ಮಧ್ಯಾಹ್ನದ ಕೆಲಸ.

ನಾನು ಹೇಳಬೇಕಾದದ್ದು ಇಷ್ಟು. ಒಪ್ಪದವರಿದ್ದರೆ ಅವರೇ ಮೊದಲು ಮಾತಾಡಲಿ. ಅಂಕೋಲೆಯ ಉಪ್ಪಿನ ಸತ್ಯಾಗ್ರಹಕ್ಕೋ ಸಿದ್ದಾಪುರದ ಕರನಿರಾಕರಣೆಗೋ ಬಾವುಟ ಹಿಡಿದು ಹೋದವರ ಮಾತನ್ನು ಮನೆಯಲ್ಲಿ ಕೇಳಿದ ಹಿರಿಯರು ಇಲ್ಲಿದ್ದರೆ, ಅದನ್ನೂ ಈ ಸಭೆಗೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.